ಕೊಡದ ತುಪ್ಪ

ಕೋವಿಡ್ ಮುಗಿದು ಶಾಲೆಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ ನನ್ನನ್ನು ಕೊಪ್ಪಕ್ಕೆ ಹಾಕಿದರು. ನಾನು ಡಯಟೀಶಿಯನ್. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯ ವಾರ್ಡುಗಳಲ್ಲಿ ಯಾರು ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳಿ ಹೇಳಿ ಜನರಿಂದ ಬೈಸಿಕೊಂಡವಳು. ಈ ಕಸುಬಿನವರನ್ನು ಕಂಡರೆ ಎಲ್ಲರಿಗೂ ಒಂದು ಬಗೆಯ ಅಳುಕು. ಮದುವೆಮನೆಯಲ್ಲಿ ನನ್ನ ಪಕ್ಕದ ಎಲೆಗೆ ಕೂತವರು ಹೋಳಿಗೆಗೆ ತುಪ್ಪ ಬೇಡವೆಂದು ಕೈ ಅಡ್ಡ ಹಿಡಿಯುತ್ತಾರೆ. ನಾನು ಕೈ ತೊಳೆಯಲು ಎದ್ದದ್ದೇ ತಡ, ಬಡಿಸುವವನನ್ನು ಕಣ್ಸನ್ನೆ ಮಾಡಿ ಕರೆಯುತ್ತಾರೆ. ಅದನ್ನು ಕಂಡು ಎಷ್ಟೋ ವರ್ಷ ನಕ್ಕಿದ್ದೇನೆ. ಈಗ ತುಪ್ಪದ ಪಾತ್ರೆ ಹಿಡಿದು ಯಾರಾದರೂ ಬಂದರೆ ನಗು ಬರುವುದಿಲ್ಲ. ಅದು ಏಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕುಗಳ ಶಾಲಾ ಮಕ್ಕಳ ಮೇಲೆ ನಮ್ಮ ಸಂಶೋಧನೆ ನಡೆಯಬೇಕಿತ್ತು. ಮಕ್ಕಳು ಏನು ತಿನ್ನುತ್ತಾರೆ, ತಿಂದದ್ದನ್ನು ದೇಹ ಹೇಗೆ ಬಳಸಿಕೊಳ್ಳುತ್ತದೆ, ಚಿಕ್ಕ ವಯಸ್ಸಿನಲ್ಲೇ ಹೃದಯಕ್ಕೆ, ರಕ್ತನಾಳಗಳಿಗೆ ಅದರಿಂದ ಏನಾದರೂ ಆಗುತ್ತಿದೆಯೇ ಎಂದು ನೋಡುವುದು ಉದ್ದೇಶ. ಪೊಟ್ಟಣದ ತಿಂಡಿ ಈಗ ಕಾಡಂಚಿನ ಅಂಗಡಿಗೂ ಬಂದಿದೆಯಲ್ಲ, ಅದು ಮಕ್ಕಳಿಗೆ ಏನು ಮಾಡುತ್ತಿದೆ ಎಂಬ ಕುತೂಹಲ ನಮ್ಮ ಮುಖ್ಯ ವೈದ್ಯರಿಗೆ ಇತ್ತು. ಕೊಪ್ಪದ ಬಾಳಗಡಿಯಲ್ಲಿ ಒಂದು ಬಾಡಿಗೆ ಕೋಣೆಯೇ ನಮ್ಮ ಆಫೀಸು. ಬೆಳಿಗ್ಗೆ ಜೀಪಿನಲ್ಲಿ ಹೊರಟು ಶಾಲೆಗಳಿಗೆ ಹೋಗುವುದು, ಮಕ್ಕಳ ತೂಕ, ಎತ್ತರ, ಬಿಪಿ ನೋಡುವುದು, ಬರಿಹೊಟ್ಟೆಯಲ್ಲಿ ರಕ್ತ ತೆಗೆಯುವುದು, ಆಮೇಲೆ ಮಕ್ಕಳಿಗೆ ಉಪ್ಪಿಟ್ಟು ಬಾಳೆಹಣ್ಣು ಕೊಟ್ಟು ಸಮಾಧಾನ ಮಾಡುವುದು, ಹೀಗೆ ದಿನ ಸಾಗುತ್ತಿತ್ತು.

ನನ್ನ ಪಾಲಿನ ಕೆಲಸಕ್ಕೆ ಡಯಟ್ ರೀಕಾಲ್ ಎನ್ನುತ್ತಾರೆ. ನಿನ್ನೆ ಎದ್ದಾಗಿನಿಂದ ಮಲಗುವ ತನಕ ಮಗು ಏನೇನು ತಿಂದಿತು ಎಂದು ತಾಯಿಯನ್ನೂ ಮಗುವನ್ನೂ ಕೂರಿಸಿಕೊಂಡು ನೆನಪಿಸುವುದು. ಬಾಯಿಮಾತಿನಲ್ಲಿ ಸ್ವಲ್ಪ, ಜಾಸ್ತಿ ಎಂದರೆ ನಡೆಯದು. ಅದಕ್ಕಾಗಿ ಅಳತೆಯ ಬಟ್ಟಲು, ಸೌಟು, ಚಮಚಗಳನ್ನು ಎದುರಿಗಿಟ್ಟು ಯಾವುದರಲ್ಲಿ ಎಷ್ಟು ಎಂದು ತೋರಿಸಲು ಹೇಳುತ್ತೇವೆ. ಈ ಕೆಲಸದಲ್ಲಿ ಮುಖ್ಯವಾದ ನಿಯಮ ಒಂದಿದೆ. ಕೇಳುವವರ ಮುಖದಲ್ಲಿ ಭೇಷ್ ಎಂಬುದೂ ಛೆ ಎಂಬುದೂ ಕಾಣಬಾರದು. ಕಂಡರೆ ಮಗು ನಮಗೆ ಬೇಕಾದ ಉತ್ತರ ಕೊಡಲು ಶುರು ಮಾಡುತ್ತದೆ.

ಎನ್.ಆರ್. ಪುರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಶ್ರಾವ್ಯ ನನಗೆ ಸಿಕ್ಕಳು. ನಾಲ್ಕನೇ ತರಗತಿ. ಸಣಕಲು ಮೈ, ಎರಡು ಜಡೆ, ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಸಾರು ಎಷ್ಟು ಹಾಕಿಕೊಂಡೆ ಎಂದು ಬಟ್ಟಲು ತೋರಿಸಿ ಕೇಳಿದರೆ ಅದನ್ನು ತಿರುಗಿಸಿ ನೋಡಿ, “ನಮ್ಮನೇದು ಒಂದು ಕಡೆ ಜಜ್ಜಿ ಹೋಗಿದೆ ಮೇಡಂ, ಇಷ್ಟು ಹಿಡಿಯಲ್ಲ” ಎಂದಳು. ಇಂಥ ಮಗು ಸಿಕ್ಕರೆ ನಮ್ಮಂಥವರಿಗೆ ಹಬ್ಬ. ಅವಳ ತಾಯಿ ಸವಿತಾ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ತಂದೆ ರಮೇಶ ಪಿಕಪ್ ಗಾಡಿ ಓಡಿಸುತ್ತಿದ್ದ. ಮನೆಯಲ್ಲಿ ಇನ್ನೊಬ್ಬರೆಂದರೆ ರಮೇಶನ ತಾಯಿ ಚಿನ್ನಮ್ಮ, ಶ್ರಾವ್ಯಳ ಬಾಯಲ್ಲಿ ಅಜ್ಜಿ. ಶಾಲೆ ಬಿಟ್ಟ ಮೇಲೆ ಮಗುವಿಗೆ ಅಜ್ಜಿಯೇ ಲೋಕ.

ಬಿಪಿ ನೋಡಲು ತೋಳು ಚಾಚಿಸಿದಾಗ ಮೊಣಕೈ ಮೇಲೆ ಹಳದಿ ಬಣ್ಣದ ಗಂಟುಗಳು ಕಂಡವು. ಬೆರಳ ಸಂದಿಯಲ್ಲೂ ಮಂಡಿಯಲ್ಲೂ ಇದ್ದವು. ಮನೆಯವರು ನರಹುಲಿ ಎಂದುಕೊಂಡು ಸುಣ್ಣ ಹಚ್ಚಿದ್ದರು. ನಮ್ಮ ವೈದ್ಯರು ಅದನ್ನು ಮುಟ್ಟಿ ನೋಡಿ ರಕ್ತದ ಟ್ಯೂಬಿಗೆ ಬೇರೆ ಗುರುತು ಹಾಕಿಸಿದರು. ಮಕ್ಕಳಲ್ಲಿ ಒಟ್ಟು ಕೊಲೆಸ್ಟ್ರಾಲ್ ನೂರೆಪ್ಪತ್ತರೊಳಗೆ ಇರಬೇಕು. ಶ್ರಾವ್ಯಳದ್ದು ಏಳುನೂರು ದಾಟಿತ್ತು. ಯಂತ್ರ ಕೆಟ್ಟಿದೆಯೆಂದು ಲ್ಯಾಬಿನವರು ಇನ್ನೊಮ್ಮೆ ಹಾಕಿ ನೋಡಿದರು. ಅಷ್ಟೇ ಬಂತು.

ಕಾಯಿಲೆಯನ್ನು ಸರಳವಾಗಿ ಹೇಳುವುದಾದರೆ ಹೀಗೆ. ನಮ್ಮ ಕೊಲೆಸ್ಟ್ರಾಲಿನ ಬಹುಪಾಲು ಊಟದಿಂದ ಬರುವುದಿಲ್ಲ, ದೇಹವೇ ಅದನ್ನು ತಯಾರಿಸುತ್ತದೆ. ರಕ್ತದಲ್ಲಿ ಹೆಚ್ಚಾದದ್ದನ್ನು ಒಳಗೆ ಎಳೆದುಕೊಳ್ಳಲು ಲಿವರಿಗೆ ಬಾಗಿಲುಗಳಿವೆ. ಕೆಲವು ಮನೆತನಗಳಲ್ಲಿ ಆ ಬಾಗಿಲುಗಳ ದೋಷ ತಲೆಮಾರಿನಿಂದ ತಲೆಮಾರಿಗೆ ಬರುತ್ತದೆ. ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಂದ ಬಂದರೆ ಅರ್ಧದಷ್ಟು ಬಾಗಿಲುಗಳು ಮಾತ್ರ ಕೆಲಸ ಮಾಡುತ್ತವೆ; ಅಂಥವರಿಗೆ ನಡುವಯಸ್ಸಿನಲ್ಲಿ, ಕೆಲವೊಮ್ಮೆ ಅದಕ್ಕೂ ಮೊದಲೇ, ಹೃದಯಾಘಾತವಾಗಬಹುದು. ಇಬ್ಬರಿಂದಲೂ ಬಂದರೆ ಬಾಗಿಲುಗಳೆಲ್ಲ ಮುಚ್ಚಿದ ಹಾಗೆಯೇ. ಆಗ ಕೊಬ್ಬು ಮಗುವಿನ ಚರ್ಮದಡಿ, ರಕ್ತನಾಳದೊಳಗೆ, ಹೃದಯದ ಬಾಯಲ್ಲಿ ಕೂರುತ್ತದೆ. ಫ್ಯಾಮಿಲಿಯಲ್ ಹೈಪರ್‌ಕೊಲೆಸ್ಟೆರೊಲೀಮಿಯಾ ಎಂದು ಅದರ ಹೆಸರು. ಈ ಎರಡನೆಯ ಬಗೆ ತೀರಾ ಅಪರೂಪ.

ಕರಾವಳಿಯ ದೊಡ್ಡ ಆಸ್ಪತ್ರೆಗೆ ನಾನೇ ಅವರ ಜೊತೆ ಹೋದೆ. ಹೃದಯದ ಸ್ಕ್ಯಾನ್ ಮಾಡಿದ ವೈದ್ಯೆ, ಹೃದಯದಿಂದ ರಕ್ತ ಹೊರಬೀಳುವ ದಾರಿ ಈಗಾಗಲೇ ಕಿರಿದಾಗಿದೆ ಎಂದರು. ಗಂಡ ಹೆಂಡತಿ ಸಂಬಂಧಿಕರೇ ಎಂದು ಕೇಳಿದರು. ರಮೇಶ ತನ್ನ ತಾಯಿಯ ಒಡಹುಟ್ಟಿದ ತಮ್ಮ ಎಂದಳು ಸವಿತಾ. ಸೋದರಮಾವನನ್ನು ಮದುವೆಯಾಗುವುದು ನಮ್ಮ ಕಡೆ ಯಾರೂ ಎರಡನೇ ಸಲ ತಿರುಗಿ ನೋಡುವ ಸಂಗತಿಯಲ್ಲ. ಸವಿತಾಳ ತಾಯಿ ಸಣ್ಣ ಪ್ರಾಯದಲ್ಲೇ, ಒಲೆ ಮುಂದೆ ಎದೆ ಹಿಡಿದುಕೊಂಡು ಕುಸಿದು ಹೋಗಿದ್ದಳು. ತಬ್ಬಲಿ ಮೊಮ್ಮಗಳನ್ನು ಸಾಕಿದ ಚಿನ್ನಮ್ಮ ಅವಳನ್ನು ಹೊರಗೆ ಕೊಡಲು ಮನಸ್ಸು ಬಾರದೆ ತನ್ನ ಕಿರಿಯ ಮಗನಿಗೇ ತಂದುಕೊಂಡಿದ್ದಳು. ಸವಿತಾಳಿಗೆ ಅವಳು ಅತ್ತೆಯೂ ಹೌದು, ಅಜ್ಜಿಯೂ ಹೌದು.

ವೈದ್ಯೆ ಎಲ್ಲವನ್ನೂ ಕಾಗದದ ಮೇಲೆ ಚಿತ್ರ ಬರೆದು ವಿವರಿಸಿದರು. ಗಂಡ ಹೆಂಡತಿ ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು ಎಂದರು. ಮಗುವಿಗೆ ಮಾತ್ರೆ ಕೊಟ್ಟರು. ಇಲ್ಲಿ ಮಾತ್ರೆಯೊಂದೇ ಸಾಲದು, ರಕ್ತವನ್ನು ಯಂತ್ರದಲ್ಲಿ ಹಾಯಿಸಿ ಕೊಬ್ಬು ತೆಗೆಯುವ ಚಿಕಿತ್ಸೆಗೆ ದೂರದ ಊರಿನ ಆಸ್ಪತ್ರೆಯನ್ನು ಕೇಳೋಣ, ಮುಂದೆ ಲಿವರ್ ಬದಲಾಯಿಸುವ ಮಾತೂ ಬರಬಹುದು ಎಂದರು. ಕೊನೆಗೆ, ಎಣ್ಣೆ ತುಪ್ಪ ಕಡಿಮೆ ಮಾಡಿ, ಅದೂ ಸ್ವಲ್ಪ ಸಹಾಯ ಮಾಡುತ್ತದೆ ಎಂದು ಒಂದು ಮಾತು ಸೇರಿಸಿದರು. ಬಸ್ಸಿನಲ್ಲಿ ಘಾಟಿ ಹತ್ತುವಾಗ ಸವಿತಾ ನನ್ನ ಹತ್ತಿರ ಮಾತಾಡಿದ್ದೆಲ್ಲ ಆ ಕೊನೆಯ ಮಾತಿನ ಬಗ್ಗೆಯೇ. ಕಾಯಿ ಹಾಕಬಹುದಾ, ಒಗ್ಗರಣೆಗೆ ಎಷ್ಟು ಎಣ್ಣೆ, ಹಾಲಿನ ಕೆನೆ ತೆಗೆದರೆ ಸಾಕಾ. ಊಟದಿಂದ ಬಂದ ಕಾಯಿಲೆ ಅಲ್ಲ ಇದು ಎಂದು ನಾನು ಎರಡೆರಡು ಸಲ ಹೇಳಿದೆ. ಅವಳು ಹೂಂಗುಟ್ಟಿ ಮತ್ತೆ ಕಾಯಿಯ ವಿಷಯಕ್ಕೆ ಬಂದಳು.

ಅಂದಿನಿಂದ ಆ ಮನೆಯಲ್ಲಿ ಶ್ರಾವ್ಯಳಿಗೆ ಬೇರೆ ಪಾತ್ರೆ, ಬೇರೆ ಸಾರು. ಅಳತೆಯ ಬಟ್ಟಲು ಚಮಚಗಳ ಒಂದು ಜೊತೆ ಬೇಕೆಂದು ಸವಿತಾ ಕೇಳಿದಾಗ ಕೊಟ್ಟೆ. ಶಾಲೆಯಲ್ಲಿ ಮೊಟ್ಟೆಯ ದಿನ ಅಷ್ಟೂ ಮಕ್ಕಳಿಗೆ ಬೇಯಿಸಿ ಬಡಿಸುವವಳು ತನ್ನ ಮಗಳ ತಟ್ಟೆಗೆ ಬಾಳೆಹಣ್ಣು ಇಡುತ್ತಿದ್ದಳು. ಶ್ರಾವ್ಯ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ. ಒಂದನೇ ಕ್ಲಾಸಿನ ಚಿಕ್ಕವರ ಪಕ್ಕ ಕೂತು ಅವರ ಮೊಟ್ಟೆ ಸುಲಿದು ಕೊಡುತ್ತಿದ್ದಳು. ಸಿಪ್ಪೆ ಮುರಿಯದೆ ಒಂದೇ ಸಲಕ್ಕೆ ತೆಗೆಯುವುದು ಅವಳ ಹೆಮ್ಮೆ. ಸುಲಿದ ಮೇಲೆ ಬೆರಳನ್ನು ಮೂಗಿಗೆ ಹಿಡಿದು ಮೂಸುವುದನ್ನು ನಾನು ಒಂದು ಸಲ ನೋಡಿದೆ. ನೋಡಬಾರದಿತ್ತು ಅನಿಸಿತು.

ಮಾತ್ರೆಗೆ ಕೊಲೆಸ್ಟ್ರಾಲ್ ಕೊಂಚ ಇಳಿಯಿತು, ಆದರೂ ಆರುನೂರರ ಹತ್ತಿರವೇ ನಿಂತಿತು. ವೈದ್ಯರು ನಿರೀಕ್ಷಿಸಿದ್ದು ಅಷ್ಟನ್ನೇ. ಸವಿತಾಳಿಗೆ ಮಾತ್ರ ಸಿಡಿಲು ಬಡಿದಂತಾಯಿತು. ಇಷ್ಟು ಕಟ್ಟುನಿಟ್ಟು ಮಾಡಿಯೂ ಇಳಿಯದಿದ್ದರೆ ಯಾರೋ ಕದ್ದು ತಿನ್ನಿಸುತ್ತಿದ್ದಾರೆ ಎಂದೇ ಅವಳ ಲೆಕ್ಕ. ಹಗಲು ಮನೆಯಲ್ಲಿರುವವರು ಯಾರು? ಅಜ್ಜಿ. ಅಂದಿನಿಂದ ಪ್ರತಿ ಸಂಜೆ ಮಗಳನ್ನು ಎದುರಿಗೆ ಕೂರಿಸಿ, ನಾನು ಕೊಟ್ಟ ಬಟ್ಟಲು ಚಮಚಗಳನ್ನು ಸಾಲಾಗಿಟ್ಟು, ನಾನು ಕೇಳುವ ಪ್ರಶ್ನೆಗಳನ್ನೇ ಕೇಳತೊಡಗಿದಳು. ಅಜ್ಜಿ ಎಂತ ಕೊಟ್ಟರು, ಯಾವ ಚಮಚದಲ್ಲಿ, ಎಷ್ಟು. ನನ್ನ ಕಸುಬಿನ ಕ್ರಮವೇ ಅಲ್ಲಿ ವಿಚಾರಣೆಯಾಗಿತ್ತು.

ಒಂದು ಬೆಳಿಗ್ಗೆ ಶಾಲೆಗೆ ಹೋದಾಗ ಸವಿತಾ ಸೌಟು ಬಿಟ್ಟು ಓಡಿ ಬಂದಳು. ಎಷ್ಟೋ ದಿನಗಳ ಮೇಲೆ ಅವಳ ಮುಖ ಅರಳಿತ್ತು. “ಸಿಕ್ತು ಮೇಡಂ. ಅಜ್ಜಿ ಒಪ್ಕೊಂಡ್ರು. ದಿನಾ ತುಪ್ಪ ಕೊಡ್ತಿದ್ರಂತೆ. ಇನ್ನು ಇಳೀತದೆ, ಅಲ್ವಾ?”

ಅಪರಾಧಿ ಸಿಕ್ಕ ಸಂತೋಷ ಅಲ್ಲ ಅದು, ಮಗಳು ಉಳಿಯುತ್ತಾಳೆ ಎಂಬ ಸಂತೋಷ. ದಿನಾ ಚಮಚ ತುಪ್ಪ ತಿಂದರೂ ಆ ಅಂಕಿ ಅಷ್ಟು ಏರುವುದಿಲ್ಲ ಎಂದೆ. ಅವಳಿಗೆ ಕೇಳಿಸಲಿಲ್ಲ. ಚಿನ್ನಮ್ಮನನ್ನು ಕಿಗ್ಗದಲ್ಲಿದ್ದ ಎರಡನೇ ಮಗಳ ಮನೆಗೆ ಕಳಿಸಿಬಿಟ್ಟಿದ್ದಳು. ರಮೇಶ ತಾಯಿಯನ್ನು ಬಸ್ಸಿಗೆ ಹತ್ತಿಸಿ ಬಂದು ಆ ದಿನ ಊಟ ಮಾಡಲಿಲ್ಲವಂತೆ. ಶ್ರಾವ್ಯ ಶಾಲೆ ಬಿಟ್ಟ ಮೇಲೆ ಈಗ ಅಡುಗೆ ಕೋಣೆಯ ಮೆಟ್ಟಿಲ ಮೇಲೆ ಕೂತು ತಾಯಿಯ ಪಾತ್ರೆ ತೊಳೆಯುವ ಕೆಲಸ ಮುಗಿಯುವುದನ್ನು ಕಾಯುತ್ತಿದ್ದಳು. ಮಾತು ಕಡಿಮೆಯಾಗಿತ್ತು.

ಕಿಗ್ಗದ ಶಾಲೆಯೂ ನಮ್ಮ ಪಟ್ಟಿಯಲ್ಲಿತ್ತು. ಅಲ್ಲಿಗೆ ಹೋದ ದಿನ ಕೆಲಸ ಮುಗಿಸಿ ಚಿನ್ನಮ್ಮನನ್ನು ಹುಡುಕಿಕೊಂಡು ಹೋದೆ. ಅಂಗಳದಲ್ಲಿ ಕೂತು ಕಡ್ಡಿಪೊರಕೆಗೆಂದು ಕತ್ತಿಯಿಂದ ತೆಂಗಿನ ಗರಿ ಸೀಳುತ್ತಿದ್ದಳು. ನನ್ನನ್ನು ಕಂಡು ಎದ್ದು ಮೊದಲು ಕೇಳಿದ್ದು, ಕೂಸು ಊಟ ಮಾಡ್ತದಾ ಎಂದು. ನಾನು ನೇರವಾಗಿಯೇ ಕೇಳಿದೆ, ನಿಜವಾಗಿ ತುಪ್ಪ ಕೊಟ್ಟಿದ್ದೀರಾ ಎಂದು.

ಮತ್ತೆ ಕೂತು ಒಂದು ಗರಿ ಸೀಳಿ ಬದಿಗಿಟ್ಟಳು. ಆಮೇಲೆ ಹೇಳಿದಳು. “ಒಂದು ಹನಿ ಕೊಡ್ಲಿಲ್ಲ ಮೇಡಮ್ಮ. ಸವಿತಾ ಕೇಳಿದ್ದು ಕೇಳಿದ್ದೇ. ಕೂಸು ಅತ್ತೂ ಅತ್ತೂ ಉಸಿರು ಕಟ್ಟೋ ಹಂಗಾಯ್ತು. ದೇವರ ದೀಪ ಮುಟ್ಟಿ ಹೇಳು ಅಂತ ಕೂಸಿಗೇ ಅಂದ್ಲು. ನಾನು ಹೂಂ, ಕೊಟ್ಟೆ ಅಂದೆ. ಅಳು ನಿಲ್ತು.”

ಒಪ್ಪಿಕೊಂಡದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ಸೊಸೆಯ ಮೇಲೆ ಸಿಟ್ಟೂ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ. ನೀವು ಕೊಟ್ಟಿದ್ದರೂ ಈ ಕಾಯಿಲೆ ಅದರಿಂದ ಬರುತ್ತಿರಲಿಲ್ಲ, ನಿಮ್ಮ ಮೇಲಿನ ತಪ್ಪನ್ನು ನಾನು ಹೋಗಿ ತೆಗೆಯುತ್ತೇನೆ ಎಂದೆ. ಆಗ ಅವಳು ಕತ್ತಿ ಕೆಳಗಿಟ್ಟು ಕೇಳಿದಳು, ತಿಂದಿದ್ದರಿಂದ ಅಲ್ಲ ಅಂದರೆ ಮತ್ತೆ ಎಂತದರಿಂದ ಬಂತು ಎಂದು.

ವೃತ್ತಿಯಲ್ಲಿ ಎಂಥೆಂಥವರಿಗೋ ಎಂಥೆಂಥದೋ ಹೇಳಿದ್ದೇನೆ. ಆ ಪ್ರಶ್ನೆ ಬರುತ್ತದೆಂದು ಮಾತ್ರ ನಾನು ಎಣಿಸಿರಲಿಲ್ಲ. ತುಪ್ಪದ ಆರೋಪದಿಂದ ಅವಳನ್ನು ಬಿಡಿಸಬೇಕಾದರೆ ರಕ್ತದ ವಿಷಯ ಹೇಳಬೇಕಿತ್ತು. ರಕ್ತದ ವಿಷಯ ಹೇಳಿದರೆ ಅವಳು ಮಾಡಿಸಿದ ಮದುವೆಯ ವಿಷಯ ಬರುತ್ತಿತ್ತು. ಇದು ಮನೆತನದಲ್ಲಿ ಬರುವಂಥದ್ದು ಎಂದಷ್ಟೇ ಹೇಳಿ ನಿಲ್ಲಿಸಿದೆ. ಅವಳಿಗೆ ಅಷ್ಟು ಸಾಕಾಯಿತು. ಗಂಡ ಸಣ್ಣ ವಯಸ್ಸಿನಲ್ಲೇ ಗದ್ದೆ ಬದುವಿನ ಮೇಲೆ ಎದೆನೋವೆಂದು ಕೂತವನು ಏಳಲಿಲ್ಲ ಎಂದಳು. ಆಮೇಲೆ ದೊಡ್ಡ ಮಗಳು. 

“ಆ ದೊಡ್ಡವಳ ಮಗಳನ್ನೇ ನನ್ನ ಮಗನಿಗೆ ತಂದ್ಕೊಂಡೆ,” ಎಂದಳು. “ಯಾರದ್ದೋ ಮನೇಲಿ ಬೈಸ್ಕೊಳ್ಳದು ಬ್ಯಾಡ, ನನ್ನ ಕಣ್ಣೆದುರಿಗೇ ಇರ್ಲಿ ಅಂತ ಹಟ ಮಾಡ್ದೋಳು ನಾನೇ.”

ನಿಮಗೆ ಗೊತ್ತಿರಲಿಲ್ಲ, ಯಾರಿಗೂ ಗೊತ್ತಿರಲಿಲ್ಲ, ಈ ದೋಷ ನಿಮ್ಮ ಗಂಡನ ಕಡೆಯಿಂದ ಬಂದದ್ದು, ನಿಮ್ಮ ರಕ್ತದ್ದಲ್ಲ ಅನಿಸುತ್ತದೆ ಎಂದೆಲ್ಲ ಹೇಳಿದೆ. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ. ಕೊನೆಗೆ ನನ್ನ ಕೈ ಹಿಡಿದುಕೊಂಡಳು. “ತುಪ್ಪ ಕೊಟ್ಟೆ ಅಂತ್ಲೇ ಇರ್ಲಿ ಮೇಡಮ್ಮ. ಅದು ನನ್ನೊಬ್ಬಳ ತಪ್ಪಾಗಿ ಹೋಗ್ತದೆ. ಇದು ಗೊತ್ತಾದ್ರೆ ಗಂಡ ಹೆಂಡ್ತಿ ಹೆಂಗೆ ಮುಖ ನೋಡ್ಕಳ್ತಾರೆ?”

ಆ ಒಂದು ಮಾತು ನಡೆಸಿಕೊಡಲು ನನಗೆ ಸಾಧ್ಯವಿರಲಿಲ್ಲ. ರಮೇಶ, ಸವಿತಾ ಇಬ್ಬರ ರಕ್ತದಲ್ಲೂ ಅರ್ಧ ದೋಷ ಇರಲೇಬೇಕು, ಅವರೂ ಇವತ್ತಿನಿಂದ ಮಾತ್ರೆ ತೆಗೆದುಕೊಳ್ಳದಿದ್ದರೆ ನಿಮ್ಮ ಗಂಡನ ಹಾಗೇ ಆಗಬಹುದು ಎಂದು ಬಿಡಿಸಿ ಹೇಳಿದೆ. ಇಬ್ಬರೂ ಪರೀಕ್ಷೆಗೇ ಹೋಗಿರಲಿಲ್ಲ. ತುಪ್ಪ ತಿನ್ನಿಸಿದ್ದರಿಂದ ಆದ ಕಾಯಿಲೆಗೆ ತಮಗೇಕೆ ಪರೀಕ್ಷೆ ಎಂಬುದು ಅವರ ಲೆಕ್ಕ. ಚಿನ್ನಮ್ಮ ತಲೆ ತಗ್ಗಿಸಿ, ಹಂಗಾರೆ ಹೇಳಿ ಎಂದಳು. ತಾನು ಅಲ್ಲಿ ಇಲ್ಲದಿರುವಾಗ ಹೇಳಿ ಎಂದಳು. ಶೃಂಗೇರಿಗೆ ಇಳಿಯುವ ದಾರಿಯಲ್ಲಿ ಜೀಪಿನ ಹಿಂದಿನ ಸೀಟಿನಲ್ಲಿ ಕೂತು ನಾನು ಅತ್ತೆ. ಡ್ರೈವರ್ ಕನ್ನಡಿಯನ್ನು ಆ ಕಡೆ ತಿರುಗಿಸಿದ.

ಮರುದಿನ ಬಿಸಿಯೂಟ ಮುಗಿದ ಮೇಲೆ ಸವಿತಾಳಿಗೆ ಎಲ್ಲ ಹೇಳಿದೆ. ಅಜ್ಜಿ ಸುಳ್ಳು ಒಪ್ಪಿಕೊಂಡದ್ದನ್ನೂ ಹೇಳಿದೆ. ಅವಳು ದೊಡ್ಡ ಕುಕ್ಕರಿನ ತಳ ತಿಕ್ಕುವುದನ್ನು ನಿಲ್ಲಿಸಲಿಲ್ಲ. “ಆಸ್ಪತ್ರೇಲೇ ಕೇಳಿಸಿತ್ತು ಮೇಡಂ,” ಎಂದಳು. “ರಕ್ತ ಅಂದ್ರೆ ನಾನೆಂತ ಮಾಡ್ಲಿ? ತುಪ್ಪ ಆದ್ರೆ ಡಬ್ಬಿ ಮುಚ್ಚಿ ಇಡ್ಬಹುದು.”

ಮದುವೆಯ ವಿಷಯಕ್ಕೆ ಅಜ್ಜಿಯನ್ನು ಒಂದು ಮಾತೂ ಅನ್ನಲಿಲ್ಲ. ತಾಯಿ ಸತ್ತ ದಿನ ತನ್ನನ್ನು ಸೆರಗಿನಲ್ಲಿ ಸುತ್ತಿಕೊಂಡವಳು ಅಜ್ಜಿಯೇ, ಆ ಸೆರಗು ಬಿಟ್ಟು ಬೇರೆ ಮನೆ ತನಗೂ ಬೇಕಿರಲಿಲ್ಲ ಎಂದಳು. ಭಾನುವಾರ ರಮೇಶನೂ ಅವಳೂ ಕಿಗ್ಗಕ್ಕೆ ಹೋಗಿ ಚಿನ್ನಮ್ಮನನ್ನು ಕರೆತಂದರು. ಇಬ್ಬರ ರಕ್ತದಲ್ಲೂ ದೋಷ ಕಂಡಿತು, ಮಾತ್ರೆ ಶುರುವಾಯಿತು. ಸಂಜೆಯ ವಿಚಾರಣೆ ನಿಂತಿತು. ಶ್ರಾವ್ಯಳ ಬಾಯಿ ಮತ್ತೆ ಬಿಚ್ಚಿಕೊಂಡಿತು. ಯಂತ್ರದ ಚಿಕಿತ್ಸೆಗೆ ದೂರದ ಆಸ್ಪತ್ರೆಯಿಂದ ಒಪ್ಪಿಗೆ ಬಂದಿತ್ತು; ಅವಳು ತನ್ನ ಬ್ಯಾಗಿಗೆ ಏನೇನು ತುಂಬಬೇಕೆಂದು ನನಗೆ ಒಪ್ಪಿಸಿದ್ದಳು. ನಾವೆಲ್ಲ ಸ್ವಲ್ಪ ಧೈರ್ಯ ತಂದುಕೊಂಡಿದ್ದೆವು.

ಹೊರಡುವ ವಾರ ಬರಲಿಲ್ಲ. ಅದಕ್ಕೆ ಮೊದಲೇ ಒಂದು ಬೆಳಿಗ್ಗೆ ಅಜ್ಜಿಯ ಕೈಯಲ್ಲಿ ಜಡೆ ಹಾಕಿಸಿಕೊಳ್ಳುತ್ತಿದ್ದವಳು ಹಾಗೇ ಹಿಂದಕ್ಕೆ, ಅಜ್ಜಿಯ ಮಡಿಲಿಗೆ ಒರಗಿದಳು. ಒಂದು ಜಡೆ ಆಗಿತ್ತು, ಇನ್ನೊಂದು ಆಗಿರಲಿಲ್ಲ. ಫೋನು ಬಂದಾಗ ನಾನು ಬೇರೊಂದು ಶಾಲೆಯಲ್ಲಿ ಬೇರೊಂದು ಮಗುವಿನ ಎದುರು ಬಟ್ಟಲುಗಳನ್ನು ಜೋಡಿಸುತ್ತಿದ್ದೆ. ಹೋಗುವಷ್ಟರಲ್ಲಿ ಮನೆ ತುಂಬ ಜನ. ಸವಿತಾ ಮಗಳ ಬಿಚ್ಚಿದ ಕೂದಲನ್ನು ಹೆಣೆಯುತ್ತಿದ್ದಳು.

ಅಷ್ಟು ಚಿಕ್ಕವರು ತೀರಿಕೊಂಡರೆ ಹೆಚ್ಚಿನ ಕ್ರಿಯಾಕರ್ಮಗಳಿಲ್ಲ. ಆದರೂ ಅವಳಿಗೆ ಇಷ್ಟವಾದದ್ದನ್ನು ಮಾಡಿ ಒಂದು ಎಡೆ ಇಡಬೇಕೆಂದು ಮನೆಯವರಿಗೆ ಅನಿಸಿತು. ನನ್ನನ್ನೂ ಕರೆದಿದ್ದರು. ಬಾಳೆ ಎಲೆಯ ಮೇಲೆ ಸವಿತಾ ಕಡುಬು ಇಟ್ಟಳು, ಕಾಯಿ ಹಾಕಿದ ಸಾರು ಬಡಿಸಿದಳು, ಒಂದು ಮೊಟ್ಟೆ ಇಟ್ಟಳು. ಸುಲಿಯುವಾಗ ಅವಳ ಕೈಯಲ್ಲಿ ಸಿಪ್ಪೆ ಚೂರುಚೂರಾಗಿತ್ತು. ಆಮೇಲೆ ತುಪ್ಪದ ಡಬ್ಬಿಯ ಮುಚ್ಚಳ ತೆಗೆದು ಚಿನ್ನಮ್ಮನ ಕೈಗೆ ಕೊಟ್ಟು, “ಅಜ್ಜಿ, ನೀನೇ ಹಾಕು” ಎಂದಳು.

ಡಬ್ಬಿಯ ಪಕ್ಕದಲ್ಲಿದ್ದದ್ದು ನಾನು ಕೊಟ್ಟ ಅಳತೆಯ ಚಮಚ. ಚಿನ್ನಮ್ಮ ಅದನ್ನು ತುಪ್ಪಕ್ಕೆ ಅದ್ದಿ ಎತ್ತಿದಳು. ಎಲೆಯ ಮೇಲೆ ಹಿಡಿದ ಕೈ ಅಲ್ಲೇ ನಿಂತಿತು. ಅಷ್ಟು ಜನರ ನಡುವೆ ತಿರುಗಿ ನನ್ನನ್ನು ಹುಡುಕಿ, ಅಪ್ಪಣೆ ಕೇಳುವ ಮಗುವಿನ ಹಾಗೆ ನೋಡಿದಳು.

“ಎಷ್ಟು ಹಾಕ್ಬಹುದು ಮೇಡಮ್ಮ?”

ಬೇಕಾದಷ್ಟು ಹಾಕಿ ಎಂದೆ. ಹಾಗೆ ಹೇಳಿದೆನೆಂದು ಬೇರೆಯವರು ಆಮೇಲೆ ಹೇಳಿದರು. ನನಗೆ ನನ್ನ ದನಿ ಕೇಳಿಸಿರಲಿಲ್ಲ. ಸವಿತಾ ಅವಳ ಕೈಯಿಂದ ಚಮಚ ತೆಗೆದಿಟ್ಟಳು. ಇಬ್ಬರೂ ಕೂಡಿ ಡಬ್ಬಿಯನ್ನೇ ಬಗ್ಗಿಸಿದರು. ತುಪ್ಪ ಕಡುಬಿನ ಮೇಲಿಂದ ಹರಿದು ಎಲೆಯ ಅಂಚು ದಾಟಿ ನೆಲಕ್ಕೆ ಹೋಯಿತು.

ನಮ್ಮ ಸಂಶೋಧನೆ ಮುಗಿಯಿತು. ಅದರ ಲೆಕ್ಕಾಚಾರಗಳಲ್ಲಿ ಶ್ರಾವ್ಯ ಇಲ್ಲ. ಅಂಥ ಮಕ್ಕಳನ್ನು ಸರಾಸರಿಗೆ ಸೇರಿಸುವುದಿಲ್ಲ, ಸೇರಿಸಲೂ ಬಾರದು. ನಾನು ಈಗಲೂ ಶಾಲೆಗಳಿಗೆ ಹೋಗುತ್ತೇನೆ, ಎಣ್ಣೆ ಸಕ್ಕರೆ ಕಡಿಮೆ ಮಾಡಿ ಎನ್ನುತ್ತೇನೆ, ಪೊಟ್ಟಣದ ತಿಂಡಿಗೆ ಬೈಯುತ್ತೇನೆ. ಅದು ಬೇಕು. ಆದರೆ ಕಾಯಿಲೆಯ ಮಗುವಿರುವ ಮನೆಗೆ ಹೋದರೆ ಬಟ್ಟಲುಗಳನ್ನು ಚೀಲದಿಂದ ತೆಗೆಯುವ ಮೊದಲು, ಆ ಮನೆಯಲ್ಲಿ ಬಡಿಸುವ ಕೈ ಯಾರದೆಂದು ಕೇಳುತ್ತೇನೆ. ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇನೆ. ನೀವು ಬಡಿಸಿದ್ದರಿಂದ ಆದದ್ದು ಎಷ್ಟು, ಆಗದ್ದು ಎಷ್ಟು ಎಂಬುದನ್ನು ಮನೆಮಂದಿಯೆಲ್ಲ ಕೇಳುವ ಹಾಗೆ, ಅವರು ತಿರುಗಿ ಹೇಳುವ ತನಕ ಹೇಳುತ್ತೇನೆ. ಕೆಲಸ ನನಗೆ ಕಲಿಸಿದ್ದು ಇದು.

ಮದುವೆಮನೆಯಲ್ಲಿ ತುಪ್ಪ ಬಂದರೆ ಮೊದಲು ನನ್ನ ಎಲೆಗೆ ಹಾಕಿಸಿಕೊಳ್ಳುತ್ತೇನೆ. ಪಕ್ಕದವರು ನಿರಾಳವಾಗಿ ಕೈ ತೆಗೆಯುತ್ತಾರೆ. ಅವರು ಉಣ್ಣುತ್ತಾರೆ, ನನಗೆ ಆ ತುತ್ತು ಇಳಿಯುವುದಿಲ್ಲ.